ಬೂಟ್‌ಲೋಡರ್‌ಗೆ ಕರ್ನಲ್ ಸಿಗುವುದು ಹೇಗೆ?

ಲಿನಕ್ಸ್‌ನ ತಿರುಳಾದ ಕರ್ನಲ್ ಡಿಸ್ಕ್‌ನಲ್ಲಿರುವ ಒಂದು ಫೈಲ್. ಫೈಲ್ ಓದಲು ಫೈಲ್‌ಸಿಸ್ಟಂ ಡ್ರೈವರ್, ಅಂದರೆ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಟ್ಟ ರೀತಿ ಗೊತ್ತಿರುವ ಕೋಡ್ ಬೇಕು. ಆ ಡ್ರೈವರ್ ಇರುವುದು ಕರ್ನಲ್‌ ಹತ್ತಿರ. ಹಾಗಾದರೆ ಕರ್ನಲ್ಲನ್ನೇ ಓದಿ ತರುವವರು ಯಾರು? ನನ್ನನ್ನು ತುಂಬಾ ದಿನ ಕಾಡಿದ ಪ್ರಶ್ನೆ ಇದು.

ಬಯಾಸ್ ಇರುವ ಯಂತ್ರ ನೋಡೋಣ. ಯಂತ್ರ ಶುರುವಾದಾಗ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಮನ್ನು ಫರ್ಮ್‌ವೇರ್ ಅನ್ನುತ್ತಾರೆ; ಬಯಾಸ್ ಅದರ ಹಳೆಯ ಬಗೆ. ಬಯಾಸ್ ಡಿಸ್ಕ್‌ನ ಮೊದಲ ಸೆಕ್ಟರನ್ನು, ಅಂದರೆ ಬರೀ 512 ಬೈಟನ್ನು ಮೆಮೊರಿಗೆ ತಂದು ಓಡಿಸುತ್ತದೆ. ಡಿಸ್ಕನ್ನು ಯಾವ ಯಾವ ಭಾಗಗಳಾಗಿ ಹಂಚಿದೆ ಎಂದು ಹೇಳುವ ಪಾರ್ಟಿಷನ್ ಟೇಬಲ್ಲೂ ಅದರಲ್ಲೇ ಇರಬೇಕು. ಉಳಿದ ಜಾಗದಲ್ಲಿ ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್‌ಸಿಸ್ಟಂ ಓದುವ ಕೋಡ್ ಹಿಡಿಸುವುದಿಲ್ಲ. ಹಾಗಾಗಿ ಗ್ರಬ್ ಎಂಬ ಬೂಟ್‌ಲೋಡರ್ (ಕರ್ನಲ್ಲನ್ನು ಮೆಮೊರಿಗೆ ತಂದು ಓಡಿಸುವ ಪ್ರೋಗ್ರಾಮ್) ಅಲ್ಲಿ ಒಂದು ಸೆಕ್ಟರ್ ನಂಬರ್ ಬರೆದಿಟ್ಟಿರುತ್ತದೆ: ಮುಂದಿನ ಭಾಗ ಇಲ್ಲಿದೆ, ಸುಮ್ನೆ ಎತ್ತಿಕೊ. ಆ ಭಾಗವೇ ಕೋರ್ ಇಮೇಜ್. ಮೊದಲ ಪಾರ್ಟಿಷನ್ ಸಾಮಾನ್ಯವಾಗಿ 2048ನೇ ಸೆಕ್ಟರ್‌ನಿಂದ ಶುರು. ಅದಕ್ಕೂ ಮುಂಚಿನ ಖಾಲಿ ಜಾಗದಲ್ಲಿ ಇದು ಕೂತಿರುತ್ತದೆ. ಫೈಲ್‌ಸಿಸ್ಟಂ ಓದಲು ಬರುವುದು ಇದಕ್ಕೆ.

ಬಯಾಸ್ ಬದಲು ಬಂದ ಹೊಸ ಫರ್ಮ್‌ವೇರ್ ಯುಇಎಫ್‌ಐ. ಅದಿರುವ ಯಂತ್ರದಲ್ಲಿ ಈ ಸರ್ಕಸ್ ಇಲ್ಲ. ಫರ್ಮ್‌ವೇರ್‌ಗೇ ಫ್ಯಾಟ್ ಎಂಬ ಸರಳ ಫೈಲ್‌ಸಿಸ್ಟಂ ಓದಲು ಬರುತ್ತದೆ, ಬೂಟ್‌ಲೋಡರನ್ನು ಅಲ್ಲಿಂದ ಫೈಲ್ ಆಗಿಯೇ ಎತ್ತಿಕೊಳ್ಳುತ್ತದೆ.

ಆಮೇಲೆ ಗ್ರಬ್ ತನ್ನ ಕಾನ್ಫಿಗ್ ಫೈಲ್ ತೆರೆಯುತ್ತದೆ. ಜಾಸ್ತಿ ಜನ ಎಡವುವುದು ಇಲ್ಲೇ. ಅದರಲ್ಲಿ 'ರೂಟ್' ಎರಡು ಸಲ ಬರುತ್ತದೆ, ಎರಡೂ ಬೇರೆ ಬೇರೆ. ಒಂದು ಗ್ರಬ್‌ನದು: ಕರ್ನಲ್ ಫೈಲ್ ಯಾವ ಪಾರ್ಟಿಷನ್‌ನಲ್ಲಿದೆ ಅನ್ನುವುದು. ಸರ್ಚ್ ಸಾಲು ಅದನ್ನು ಯುಯುಐಡಿ, ಅಂದರೆ ಅದರ ವಿಶಿಷ್ಟ ಗುರುತಿನ ಸಂಖ್ಯೆ ಹಿಡಿದು ಹುಡುಕುತ್ತದೆ. ಇನ್ನೊಂದು, ಕರ್ನಲ್ ಫೈಲ್ ಹೆಸರಿರುವ 'ಲಿನಕ್ಸ್' ಸಾಲಿನಲ್ಲಿ ಆ ಹೆಸರಿನ ನಂತರ ಬರುವುದು: ಕರ್ನಲ್ ಬಳಸಬೇಕಾದ ರೂಟ್ ಪಾರ್ಟಿಷನ್ ಯಾವುದು ಅನ್ನುವುದು. ಅದನ್ನು ಗ್ರಬ್ ಹಾಗೇ ಕರ್ನಲ್‌ಗೆ ದಾಟಿಸುತ್ತದೆ, ಅಷ್ಟೇ. ಒಮ್ಮೆ ನಾನು ಗ್ರಬ್ ಪ್ರಾಂಪ್ಟ್‌ನಲ್ಲಿ ಬೂಟ್ ಫೋಲ್ಡರ್ ಹೆಸರು ಸೇರಿಸಿ ಪಾಥ್ ಕೊಟ್ಟೆ. ಫೈಲ್ ಇಲ್ಲ ಎಂದಿತು. ಬೂಟ್ ಬೇರೆಯದೇ ಪಾರ್ಟಿಷನ್ ಆಗಿತ್ತು. ಅದರ ಒಳಗೆ ನಿಂತು ನೋಡಿದರೆ ಕರ್ನಲ್ ಫೈಲ್ ಮೊದಲ ಮೆಟ್ಟಿಲಲ್ಲೇ ಇದೆ, ಅಲ್ವಾ?

ಫೈಲ್ ಸಿಕ್ಕಿತು ಅಂದುಕೊಳ್ಳಿ. ಅದು ನಿಜವಾಗಿ ಕರ್ನಲ್ಲೇ? ಎಕ್ಸ್86 (ಇಂಟೆಲ್, ಎಎಂಡಿ ಪ್ರೊಸೆಸರ್‌ಗಳ ಬಗೆ) ಕರ್ನಲ್ ಫೈಲನ್ನು ಬೈಟ್ ಬೈಟಾಗಿ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದು ನೋಡಿ. ಮೊದಲ 514 ಬೈಟ್ ದಾಟಿದ ಕೂಡಲೇ ಎಚ್, ಡಿ, ಆರ್, ಎಸ್ ಎಂಬ ನಾಲ್ಕು ಅಕ್ಷರ ಕಾಣುತ್ತವೆ. ಬೂಟ್‌ಲೋಡರ್ ಹುಡುಕುವ ಗುರುತು ಅದೇ. ಅದರ ಸುತ್ತಲಿನ ಹೆಡರ್‌ನಲ್ಲಿ ಕೆಲವು ಜಾಗ ಬೂಟ್‌ಲೋಡರ್ ತುಂಬಲೆಂದೇ ಇವೆ. ಇನಿಟ್‌ಆರ್‌ಡಿ (ಕರ್ನಲ್ ಜೊತೆಗೆ ಬೂಟ್‌ಲೋಡರ್ ಮೆಮೊರಿಗೆ ತರುವ ಪುಟ್ಟ ಫೈಲ್ ಗಂಟು) ಮೆಮೊರಿಯಲ್ಲಿ ಎಲ್ಲಿದೆ, ಎಷ್ಟು ದೊಡ್ಡದು, ಕರ್ನಲ್‌ಗೆ ದಾಟಿಸುವ ಕಮಾಂಡ್ ಲೈನ್ ಎಲ್ಲಿದೆ, ಇವನ್ನೆಲ್ಲ ಬರೆದು ಬೂಟ್‌ಲೋಡರ್ ಕರ್ನಲ್‌ಗೆ ಜಿಗಿಯುತ್ತದೆ. ಕರ್ನಲ್ ತನ್ನನ್ನು ತಾನೇ ಅನ್‌ಕಂಪ್ರೆಸ್ ಮಾಡಿಕೊಳ್ಳುತ್ತದೆ.

ಇನಿಟ್‌ಆರ್‌ಡಿ ಯಾಕೆ ಅಂತೀರಾ? ರೂಟ್ ಪಾರ್ಟಿಷನ್ ಓದುವ ಡ್ರೈವರ್ ಎಷ್ಟೋ ಸಲ ಮಾಡ್ಯೂಲ್ ಆಗಿ, ಅಂದರೆ ಕರ್ನಲ್‌ನಿಂದ ಬೇರೆಯಾದ ಫೈಲ್ ಆಗಿ, ಅದೇ ರೂಟ್ ಪಾರ್ಟಿಷನ್‌ನಲ್ಲಿ ಇರುತ್ತದೆ. ಮೊದಲಿನ ಪ್ರಶ್ನೆ ಈಗ ಕರ್ನಲ್ ಎದುರು ಬಂದು ನಿಲ್ಲುತ್ತದೆ. ಅದಕ್ಕೇ ಆ ಡ್ರೈವರ್‌ನ ಒಂದು ಪ್ರತಿಯನ್ನು ಇನಿಟ್‌ಆರ್‌ಡಿಯಲ್ಲಿ ಕಟ್ಟಿ ಕಳಿಸುತ್ತಾರೆ.