ಗೆಜೆಟ್‌ನಲ್ಲಿ ಬೆಳೆದ ಕಾಡು

2007ರ ಸುಮಾರಿಗೆ ಮುಂಬೈನ ಮುಲುಂಡ್‌ನಲ್ಲಿ ನಮ್ಮ ಪಕ್ಕದ ಬಿಲ್ಡಿಂಗ್‌ನ ಉಡುಪಿ ಕಡೆಯ ಹೋಟೆಲಿನವರೊಬ್ಬರು ಫ್ಲ್ಯಾಟ್ ಮಾರಲು ಹೊರಟರು. ಮಗಳ ಮದುವೆ ಹತ್ತಿರ ಬಂದಿತ್ತು. ಗಿರಾಕಿ ಸಿಕ್ಕಿದ್ದ, ಅಡ್ವಾನ್ಸ್ ಕೂಡ ಕೈ ಸೇರಿತ್ತು. ರಿಜಿಸ್ಟ್ರೇಷನ್‌ಗೆ ಹೋದರೆ ಆಗುವುದಿಲ್ಲ ಎಂಬ ಉತ್ತರ ಬಂತು. ಜಾಗ ಅರಣ್ಯವಂತೆ! ‘ಏಳು ಮಾಳಿಗೆ, ಲಿಫ್ಟು ಎಲ್ಲ ಇರುವ ಕಾಡು ನಾನು ನೋಡಿಯೇ ಇಲ್ಲ ಮಾರಾಯ್ರೆ’ ಎಂದು ಅವರು ನಗಲು ನೋಡಿದರು. ನಗು ಬರಲಿಲ್ಲ. (ಮುಲುಂಡ್‌ಗೆ ಚಿರತೆ ಬರುವುದುಂಟು. ಬೆನ್ನಿಗೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಇದೆ. ಅದು ಬೇರೆ ಮಾತು.)

ಇಂಥ ಮನೆಗಳ ಭವಿಷ್ಯ ತೀರ್ಮಾನವಾದದ್ದು ಪಕ್ಕದ ವಿಕ್ರೋಲಿಯ ಒಂದು ಕೇಸಿನಿಂದ. ಒಂದು ಕಡೆ ನಮ್ಮ ಮನೆಯ ಬೀರು, ಬೀಗ ಮಾಡಿದ ಗೋದ್ರೇಜ್ ಆ್ಯಂಡ್ ಬಾಯ್ಸ್ ಕಂಪನಿ. ಇನ್ನೊಂದು ಕಡೆ ಮಹಾರಾಷ್ಟ್ರ ಸರ್ಕಾರ.

ವಿಕ್ರೋಲಿಯ ಜಮೀನನ್ನು ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರ 1835ರಲ್ಲಿ ಫ್ರಾಮ್ಜಿ ಕಾವಸ್ಜಿ ಬನಾಜಿ ಎಂಬ ಪಾರ್ಸಿ ವ್ಯಾಪಾರಿಗೆ ಶಾಶ್ವತ ಗುತ್ತಿಗೆಗೆ ಕೊಟ್ಟಿತ್ತು. ಅದು 1948ರಲ್ಲಿ ಗೋದ್ರೇಜ್ ಕಂಪನಿಯ ಕೈಗೆ ಬಂತು. ಎಂಟು ವರ್ಷ ಕಳೆದ ಮೇಲೆ, 1956ರ ಸೆಪ್ಟೆಂಬರ್ 6ರ ಮುಂಬಯಿ ಸರ್ಕಾರದ ಗೆಜೆಟ್‌ನಲ್ಲಿ ಒಂದು ನೋಟಿಸ್ ಅಚ್ಚಾಯಿತು. ಭಾರತೀಯ ಅರಣ್ಯ ಕಾಯಿದೆಯ 35(3)ನೇ ಕಲಮಿನ ನೋಟಿಸ್ ಅದು.

ಈ ಕಲಮು ಸ್ವಲ್ಪ ಅರ್ಥವಾಗಬೇಕು, ಯಾಕೆಂದರೆ ಮುಂದಿನ ಜಗಳವೆಲ್ಲ ಇದರ ಮೇಲೆಯೇ. ಖಾಸಗಿಯವರ ಕಾಡಿನಲ್ಲಿ ಮರ ಕಡಿಯುವುದು, ಉಳುವುದು ಇತ್ಯಾದಿಗೆ ಸರ್ಕಾರ ತಡೆ ಹಾಕಬಹುದು. ಹಾಗೆ ಹಾಕುವ ಮೊದಲು ಮಾಲೀಕನನ್ನು ಕೇಳಬೇಕು: ‘ನಿನ್ನ ತಕರಾರು ಏನು, ಬಂದು ಹೇಳು.’ ಆ ಕೇಳುವ ಕಾಗದವೇ 35(3)ರ ನೋಟಿಸ್. ಅಂದರೆ ಅದು ಪ್ರಶ್ನೆ, ತೀರ್ಪಲ್ಲ. ವಿಕ್ರೋಲಿಯ ವಿಷಯದಲ್ಲಿ ಆ ಪ್ರಶ್ನೆಯೂ ತನ್ನ ಕೈಗೆ ತಲುಪಲೇ ಇಲ್ಲ ಎಂದು ಕಂಪನಿ ಹೇಳಿತು. ತಲುಪಿಸಿದ್ದಕ್ಕೆ ಸರ್ಕಾರದ ಹತ್ತಿರ ಪುರಾವೆ ಇರಲಿಲ್ಲ. ವಿಚಾರಣೆಯೂ ಆಗಲಿಲ್ಲ, ಕೊನೆಯ ಅಧಿಸೂಚನೆಯೂ ಬರಲಿಲ್ಲ. ಕಡತ ಸುಮ್ನೆ ಮಲಗಿತು.

ಊರು ಮಾತ್ರ ಮಲಗಲಿಲ್ಲ. ಕಾರ್ಖಾನೆ ಎದ್ದಿತು, ಕಾರ್ಮಿಕರ ಕಾಲೊನಿ ಬಂತು. ನಗರದ ಡೆವಲಪ್‌ಮೆಂಟ್ ಪ್ಲ್ಯಾನ್ ಬಂತು, ನಗರದಲ್ಲಿ ಒಬ್ಬರ ಕೈಯಲ್ಲಿ ಎಷ್ಟು ಖಾಲಿ ಜಮೀನು ಇರಬಹುದೆಂದು ಮಿತಿ ಹಾಕುವ ಅರ್ಬನ್ ಲ್ಯಾಂಡ್ ಸೀಲಿಂಗ್ ಕಾಯಿದೆ ಬಂತು. ಮನೆ ಕಟ್ಟಲು ಪರವಾನಗಿ ಕೊಟ್ಟವರೂ ಸರ್ಕಾರದವರೇ.

ಈ ನಡುವೆ 1975ರ ಆಗಸ್ಟ್ 30ರಂದು ಮಹಾರಾಷ್ಟ್ರ ಖಾಸಗಿ ಅರಣ್ಯ ಸ್ವಾಧೀನ ಕಾಯಿದೆ ಜಾರಿಯಾಯಿತು. ಖಾಸಗಿ ಕಾಡುಗಳೆಲ್ಲ ಅವತ್ತಿನಿಂದ ಸರ್ಕಾರದ್ದು. ಸರಿ, ಕಾಡು ಅಂದರೆ ಯಾವುದು? ಕಾಯಿದೆಯ ವ್ಯಾಖ್ಯೆಯಲ್ಲಿ ಒಂದು ಸಾಲಿತ್ತು: 35(3)ರ ನೋಟಿಸ್ ಹೊರಟಿರುವ ಜಮೀನು ಕೂಡ ಖಾಸಗಿ ಅರಣ್ಯವೇ. ವಿಕ್ರೋಲಿಯ 133 ಎಕರೆ 38 ಗುಂಟೆ ಈ ಒಂದು ಸಾಲಿಗೆ ಸಿಕ್ಕಿಕೊಂಡಿತು. ಆದರೆ ಅದು ಗೊತ್ತಾಗಲು ಇನ್ನೂ ಮೂವತ್ತು ವರ್ಷ ಹಿಡಿಯಿತು!

ಅಷ್ಟರಲ್ಲಿ, 2000ದಲ್ಲಿ, ಚಿಂತಾಮಣಿ ವೇಲ್ಕರ್ ಎಂಬ ಬೇರೆಯೇ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತ್ತು: ನೋಟಿಸ್ ಹೊರಟರೆ ಸಾಕು, ಕೈಗೆ ಸೇರಲೇಬೇಕೆಂದಿಲ್ಲ. ಅಲ್ಲಿ ನೋಟಿಸ್ ಹೊರಟದ್ದು ಕಾಯಿದೆ ಜಾರಿಯಾಗುವ ಹಿಂದಿನ ದಿನ. ಒಂದು ದಿನಕ್ಕೆ ಒಪ್ಪುವ ಮಾತು ವಿಕ್ರೋಲಿಯ ಹತ್ತೊಂಬತ್ತು ವರ್ಷಕ್ಕೂ ಒಪ್ಪುತ್ತದೆಯೇ? ಸರ್ಕಾರ ಒಪ್ಪುತ್ತದೆ ಎಂದೇ ಹಿಡಿಯಿತು. ಪರಿಸರದವರು ಹಾಕಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ, ಅರಣ್ಯ ಜಮೀನಿನ ದಾಖಲೆ ಸರಿಪಡಿಸಿ ಎಂದು ಬಾಂಬೆ ಹೈಕೋರ್ಟ್ ಹೇಳಿತ್ತು. ಹಳೆಯ ಗೆಜೆಟ್‌ಗಳ ಧೂಳು ಕೊಡವಿದರು. ಸಾತ್-ಬಾರಾದಲ್ಲಿ, ಅಂದರೆ ನಮ್ಮ ಪಹಣಿಯಂಥ ಕಾಗದದಲ್ಲಿ, ‘ಖಾಸಗಿ ಅರಣ್ಯ’ ಎಂದು ಬರೆಯತೊಡಗಿದರು. ಕಾಡು ಉಳಿಯಬೇಕೆಂಬ ಆಸೆಯಲ್ಲಿ ತಪ್ಪಿಲ್ಲ, ಮುಂಬೈಗೆ ಅದು ಜಾಸ್ತಿಯೇ ಬೇಕು. ಆದರೆ ಸ್ಥಳಕ್ಕೆ ಹೋಗಿ ನೋಡದೆ ಗೆಜೆಟ್ ಒಂದನ್ನೇ ನೋಡಿದರೆ ಹೀಗೇ ಆಗುವುದು, ಅಲ್ವಾ?

2008ರ ಮಾರ್ಚ್‌ನಲ್ಲಿ ಹೈಕೋರ್ಟ್ ಸರ್ಕಾರದ ಪರ ನಿಂತಿತು. ಗೋದ್ರೇಜ್ ಸುಪ್ರೀಂ ಕೋರ್ಟ್‌ಗೆ ಹೋಯಿತು, ಇದೇ ಕಷ್ಟದಲ್ಲಿದ್ದ ಬೇರೆಯವರೂ ಹೋದರು. ನಮ್ಮ ಕಡೆಯ ಮನೆಗಳಲ್ಲಿ ಆ ಆರು ವರ್ಷ ಯಾವ ಮಾತೂ ಮುಂದಕ್ಕೆ ಹೋಗಲಿಲ್ಲ. ಮಾರುವಂತಿಲ್ಲ, ಸಾಲ ಸಿಗುವುದಿಲ್ಲ. ಆ ಹೋಟೆಲಿನವರು ಮದುವೆಯನ್ನು ಕೈಸಾಲ ಮಾಡಿ ಮುಗಿಸಿದರು.

2014ರ ಜನವರಿ 30ರಂದು ತೀರ್ಪು ಬಂತು. ನ್ಯಾಯಮೂರ್ತಿಗಳಾದ ಲೋಧಾ, ಮದನ್ ಲೋಕುರ್ ಮತ್ತು ಕುರಿಯನ್ ಜೋಸೆಫ್ ಅವರ ಪೀಠ ವೇಲ್ಕರ್ ತೀರ್ಪನ್ನು ಬದಿಗಿಟ್ಟಿತು. ನೋಟಿಸ್ ಹೊರಡುವುದೆಂದರೆ ಮಾಲೀಕನಿಗೆ ತಲುಪುವುದೂ ಸೇರಿದಂತೆ ಎಂದಿತು. ಕಾಯಿದೆ ಬಂದಾಗ ಆ ನೋಟಿಸ್‌ಗೆ ಜೀವ ಇರಬೇಕು. ವರ್ಷಗಟ್ಟಲೆ ಬಿದ್ದು ಸತ್ತುಹೋದ ನೋಟಿಸ್‌ನಿಂದ ಜಮೀನು ಕಿತ್ತುಕೊಳ್ಳಲಾಗದು. ತಾನೇ ಪರವಾನಗಿ ಕೊಟ್ಟು ಕಟ್ಟಲು ಬಿಟ್ಟ ಮೇಲೆ, ಈಗ ಕೆಡವುತ್ತೇನೆ ಎಂದು ಸರ್ಕಾರ ಹೇಳುವುದೂ ಸರಿಯಲ್ಲ.

ಅಲ್ಲಿಗೆ ಮುಗಿಯಿತೆಂದುಕೊಂಡೆವು. ಪುಣೆ, ರಾಯಗಡ ಕಡೆಯ ಬೇರೆ ಮಾಲೀಕರ ಕೇಸುಗಳು ಆಮೇಲೂ ನಡೆದವು. ಇದೇ ಮಾತನ್ನು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಮತ್ತೊಮ್ಮೆ ಹೇಳಬೇಕಾಯಿತು.

ಗೋದ್ರೇಜ್ ಮತ್ತು ಸರ್ಕಾರದ ನಡುವೆಯೂ ಜಗಳ ಒಂದೇ ಅಲ್ಲ. ಬುಲೆಟ್ ರೈಲಿಗೆ ವಿಕ್ರೋಲಿಯ ಸುಮಾರು 10 ಎಕರೆ ಬೇಕಾಯಿತು. 264 ಕೋಟಿ ರೂಪಾಯಿ ಪರಿಹಾರ ನಿಗದಿಯಾಯಿತು. ಕಂಪನಿ ಕೋರ್ಟ್‌ಗೆ ಹೋಗಿ 2023ರ ಫೆಬ್ರವರಿಯಲ್ಲಿ ಸೋತಿತು. ಅದಕ್ಕೂ ಹಳೆಯದು, ವಿಕ್ರೋಲಿಯ ಜಮೀನಿನ ಒಡೆತನದ ಬಗ್ಗೆಯೇ 1973ರಲ್ಲಿ ಶುರುವಾದ ದಾವೆ.

ಹೋಟೆಲಿನವರು ತೀರ್ಪು ಬಂದ ಮರುವರ್ಷ ಫ್ಲ್ಯಾಟ್ ಮಾರಿ ಠಾಣೆಗೆ ಹೋದರು. ಅಲ್ಲಿ ಮನೆ ನೋಡುವಾಗ ಬಿಲ್ಡರ್ ಈಜುಕೊಳ ತೋರಿಸುತ್ತಿದ್ದನಂತೆ. ಇವರು ಮೊದಲು ಸಾತ್-ಬಾರಾ ತರಿಸಿ, ‘ಇತರ ಹಕ್ಕು’ ಎಂಬ ಕಾಲಂನಲ್ಲಿ ಏನು ಬರೆದಿದೆ ನೋಡೋಣ ಎಂದರು.