ಪಿಂಚಣಿ ಅಂದರೆ ಯಾವ ಪಿಂಚಣಿ?

"ಹುಡುಗ ಸರ್ಕಾರಿ ನೌಕರಿ, ಪಿಂಚಣಿ ಬೇರೆ ಇದೆ." ಮದುವೆ ಮಾತುಕತೆಯಲ್ಲಿ ಇದನ್ನು ಇನ್ನೊಂದು ಸಲ ಕೇಳಿದರೆ ನಾನು ಎದ್ದು ಹೋಗುತ್ತೇನೆ. ಹುಡುಗ ಕೆಲಸಕ್ಕೆ ಸೇರಿದ್ದು 2019ರಲ್ಲಿ. ಅವನಿಗಿರುವುದು ಎನ್‌ಪಿಎಸ್, ಅಂದರೆ ಸಂಬಳದಿಂದ ಕಡಿತ ಮಾಡಿ ಹಣ ಕೂಡಿಡುವ 'ನ್ಯಾಷನಲ್ ಪೆನ್ಷನ್ ಸಿಸ್ಟಂ'. ಅದನ್ನೂ ಪಿಂಚಣಿ ಅಂದುಬಿಟ್ಟರೆ, ಅವರ ತಾತ ಎಣಿಸಿಕೊಳ್ಳುತ್ತಿದ್ದದ್ದು ಏನು?

ಇಂಗ್ಲಿಷಿನ ಪೆನ್ಷನ್ ನಮ್ಮ ಬಾಯಲ್ಲಿ ಪಿಂಚಣಿ ಆಯಿತು. ಅದರ ಬೇರು ಲ್ಯಾಟಿನ್ನಿನ 'ಪೆಂಡೆರೆ', ಅಂದರೆ ತೂಗು. ಹಣವನ್ನು ತೂಗಿ ಕೊಡುತ್ತಿದ್ದ ಕಾಲದ ಪದ. ಮಾಸಾಶನ ಅನ್ನುವ ಪದವೂ ನಮ್ಮಲ್ಲಿದೆ. ಮಾಸ ಅಂದರೆ ತಿಂಗಳು, ಅಶನ ಅಂದರೆ ಊಟ. ಎಷ್ಟು ಚೆಂದ ಅಲ್ವಾ? ಆದರೆ ಈಗ ಅದು ಹೆಚ್ಚಾಗಿ ಕೇಳಿಸುವುದು ಹಿರಿಯ ಕಲಾವಿದರಿಗೆ ಸಿಗುವ ಹಣದ ವಿಷಯದಲ್ಲಿ. 'ನಿವೃತ್ತಿ ವೇತನ' ಕಂಡರೆ ಮೊದಲು ನನಗೆ ನಗು ಬರುತ್ತಿತ್ತು. ಕೆಲಸ ಬಿಟ್ಟ ಮೇಲೆ ಎಂಥ ವೇತನ? ಆಮೇಲೆ 1982ರ ನಕಾರಾ ಪ್ರಕರಣದ ತೀರ್ಪು ಓದಿದೆ. ಪಿಂಚಣಿ ಸರ್ಕಾರದ ಕೃಪೆಯಲ್ಲ, ಹಿಂದೆ ಮಾಡಿದ ಸೇವೆಗೆ ಸಲ್ಲುವ ಹಣ ಎಂದಿತ್ತು ಸುಪ್ರೀಂ ಕೋರ್ಟ್. ನಗು ನಿಂತಿತು.

ಹಳೇ ಪಿಂಚಣಿ ಆ ಅರ್ಥದ್ದು. ಪೂರ್ತಿ ಸೇವೆ ಮುಗಿಸಿದವರಿಗೆ ಕೊನೆಯ ಮೂಲ ವೇತನದ ಅರ್ಧ, ಮೇಲೆ ತುಟ್ಟಿಭತ್ಯೆ. ಅದಕ್ಕಾಗಿ ಸಂಬಳದಲ್ಲಿ ಕಡಿತ ಇರಲಿಲ್ಲ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ನಿಯಮವೇ ಬದಲಾಯಿತು, ಎನ್‌ಪಿಎಸ್ ಬಂತು. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 10 ನೌಕರರದ್ದು, ಈಗ ಶೇ. 14 ಸರ್ಕಾರದ್ದು. ಆ ಹಣ ಮಾರುಕಟ್ಟೆಯಲ್ಲಿ ಬೆಳೆಯಬೇಕು. ನಿವೃತ್ತಿಯಾದಾಗ ಗಂಟಿನಲ್ಲಿ ಕನಿಷ್ಠ ಶೇ. 40ರಷ್ಟು ಕೊಟ್ಟು ವಿಮಾ ಕಂಪನಿಯಿಂದ ವರ್ಷಾಶನ (ಆನ್ಯುಟಿ, ಅಂದರೆ ಆಮೇಲೆ ಕಂತಿನಲ್ಲಿ ಬರುವ ಹಣ) ಕೊಳ್ಳಬೇಕು. ಹಳೆಯದರಲ್ಲಿ ಎಷ್ಟು ಬರುತ್ತದೆ ಎಂದು ಗೊತ್ತಿತ್ತು. ಇದರಲ್ಲಿ ಎಷ್ಟು ಹೋಗುತ್ತದೆ ಎಂದಷ್ಟೇ ಗೊತ್ತು. ಮನೆ ಸಾಲ, ಮಕ್ಕಳ ಓದು ಅಂತ ಲೆಕ್ಕ ಹಾಕುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

2025ರ ಏಪ್ರಿಲ್‌ನಲ್ಲಿ ಯುಪಿಎಸ್, ಅಂದರೆ ಏಕೀಕೃತ ಪಿಂಚಣಿ ಯೋಜನೆ ಬಂತು. 25 ವರ್ಷ ಸೇವೆಯಾದರೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ ಖಾತ್ರಿ. ತಕ್ಷಣ ವಾಟ್ಸಾಪಿನಲ್ಲಿ "ಎಲ್ಲರಿಗೂ ಹಳೇ ಪಿಂಚಣಿ ವಾಪಸ್" ಎಂದು ಹರಿದಾಡಿತು. ಅದು ಕೇಂದ್ರ ನೌಕರರಿಗೆ ಮಾಡಿದ್ದು ಸ್ವಾಮಿ! ಅಲ್ಲೂ ಸಂಬಳದಿಂದ ಶೇ. 10 ಹೋಗುತ್ತಲೇ ಇರುತ್ತದೆ.