ರಿಯಾಯಿತಿ ಘೋಷಣೆ ಆದ್ಮೇಲೂ ಜನರಿಗೆ ಸಿಗೋಕೆ ಅಷ್ಟು ಕಷ್ಟ ಯಾಕೆ?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಕಾಗದಪತ್ರ ಇಲ್ಲದ ವಲಸಿಗರಿಗೆ ಸರ್ಕಾರವೇ ರಿಯಾಯಿತಿ ಕೊಡುತ್ತೇವೆ ಅಂದಮೇಲೂ ಅದು ಜಾರಿಗೆ ಬರಲು ಯಾಕೆ ಇಷ್ಟು ತೊಡಕು?

‘ಡಾಕಾ’ ಯೋಜನೆಯನ್ನೇ ನೋಡೋಣ. ಒಬಾಮಾ ಸರ್ಕಾರ ಇದನ್ನು ಪ್ರಕಟಿಸಿದ್ದು 2012ರ ಜೂನ್ 15ರಂದು. ಚಿಕ್ಕಂದಿನಲ್ಲೇ ಬಂದು ಅಲ್ಲೇ ಬೆಳೆದವರನ್ನು ಎರಡು ವರ್ಷ ಗಡೀಪಾರು ಮಾಡುವುದಿಲ್ಲ, ಕೆಲಸಕ್ಕೆ ಪರವಾನಗಿಯನ್ನೂ ಕೊಡುತ್ತೇವೆ ಅಂತ. ಅರ್ಜಿ ತೆಗೆದುಕೊಳ್ಳಲು ಶುರು ಮಾಡಿದ್ದು ಆಗಸ್ಟ್ 15ಕ್ಕೆ. ಹೊಸ ಫಾರಂ, ಹೊಸ ನಿಯಮ, ಸಿಬ್ಬಂದಿಗೆ ತರಬೇತಿ, ಎಲ್ಲಾ ಆ ಎರಡು ತಿಂಗಳಲ್ಲೇ ಆಗಬೇಕಿತ್ತು.

ಆದರೆ ನಿಜವಾದ ಕಷ್ಟ ಇದ್ದದ್ದು ಅರ್ಜಿದಾರರ ಮನೆಯಲ್ಲಿ. 16 ತುಂಬುವ ಮೊದಲೇ ಬಂದಿದ್ದೆ, 2007ರ ಜೂನ್‌ನಿಂದ ಇಲ್ಲೇ ಇದ್ದೇನೆ ಅಂತ ತೋರಿಸಬೇಕು. ಹೇಗೆ? ಇಷ್ಟು ವರ್ಷ ಎಲ್ಲೂ ಹೆಸರು ಬೀಳದ ಹಾಗೆ ಬದುಕಿದವರು ಅವರು. ಮನೆ ಬಾಡಿಗೆ ಅಪ್ಪನ ಹೆಸರಲ್ಲಿ, ಸಂಬಳ ಕೈಗೆ ನಗದು. ಶಾಲೆಯಲ್ಲಿ ಇದ್ದಷ್ಟು ದಿನ ಹಾಜರಿ, ಅಂಕಪಟ್ಟಿ ಸಿಗುತ್ತದೆ. ಶಾಲೆ ಮುಗಿಸಿ ಹೋಟೆಲಲ್ಲಿ ಪಾತ್ರೆ ತೊಳೆದ ಎರಡು ವರ್ಷಕ್ಕೆ ಏನು ತೋರಿಸುವುದು? ಪತ್ರ ಕೊಡಿ ಅಂದರೆ ಮಾಲೀಕರಿಗೂ ಭಯ, ಅಲ್ವಾ? ಕೊನೆಗೆ ಹಲ್ಲಿನ ಡಾಕ್ಟರ ಚೀಟಿ, ಬ್ಯಾಂಕ್ ರಸೀದಿ, ಇಂಥವನ್ನೇ ತಿಂಗಳ ಪ್ರಕಾರ ಜೋಡಿಸಬೇಕಾಯಿತು. ಅದರ ಜೊತೆಗೆ ಆಗಿನ 465 ಡಾಲರ್ ಶುಲ್ಕ. ಜೊತೆಗೆ, ಮನೆ ವಿಳಾಸವನ್ನು ನಾವೇ ಸರ್ಕಾರಕ್ಕೆ ಬರೆದುಕೊಡಬೇಕಲ್ಲ ಅನ್ನುವ ದಿಗಿಲು.

ಇದರ ನಡುವೆ ‘ನೊಟಾರಿಯೊ’ಗಳ ಕಾಟ. ಲ್ಯಾಟಿನ್ ಅಮೆರಿಕದ ಹಲವು ದೇಶಗಳಲ್ಲಿ ನೊಟಾರಿಯೊ ಅಂದರೆ ಕಾನೂನು ಓದಿದ ದೊಡ್ಡ ಅಧಿಕಾರಿ. ಅಮೆರಿಕದ ನೋಟರಿ ಸಹಿಗೆ ಸಾಕ್ಷಿಯಾಗಿ ಮುದ್ರೆ ಒತ್ತುವವರು ಅಷ್ಟೇ. ಹೆಸರಿನ ಈ ಗೊಂದಲದಿಂದ ಅವರನ್ನೇ ವಕೀಲರು ಅಂತ ನಂಬಿ ಎಷ್ಟೋ ಬಡವರು ದುಡ್ಡು ಕಳೆದುಕೊಂಡರು.

ನಮ್ಮವರಿಗೂ ಇದರಲ್ಲಿ ಒಂದು ನೋವಿದೆ. ಎಚ್‌-1ಬಿ ವೀಸಾದವರ ಮಕ್ಕಳು 21 ತುಂಬಿದರೆ ಅಪ್ಪ ಅಮ್ಮನ ವೀಸಾದ ಆಸರೆ ಕಳೆದುಕೊಳ್ಳುತ್ತಾರೆ. ಅವರಿಗೆ ಡಾಕಾ ಇಲ್ಲ. 2012ರ ಜೂನ್ 15ರಂದು ಸರಿಯಾದ ವೀಸಾ ಇದ್ದವರು ಇದಕ್ಕೆ ಅರ್ಹರಲ್ಲ. ನಿಯಮ ಪಾಲಿಸಿದ್ದಕ್ಕೇ ಹೊರಗುಳಿಯುವುದು ನನಗಂತೂ ಅನ್ಯಾಯ ಅನ್ನಿಸುತ್ತದೆ.

ಇನ್ನು ಕೋರ್ಟು. 2014ರ ನವೆಂಬರ್‌ನಲ್ಲಿ ಡಾಕಾವನ್ನು ಇನ್ನಷ್ಟು ಜನರಿಗೆ ವಿಸ್ತರಿಸಿದರು. ಅಮೆರಿಕದ ಪೌರತ್ವ ಇರುವ ಮಕ್ಕಳ ತಂದೆ ತಾಯಿಗೂ ‘ಡಾಪಾ’ ಅಂತ ಬೇರೆ ಯೋಜನೆ ತಂದರು. ವಿಸ್ತರಿಸಿದ ಡಾಕಾಗೆ 2015ರ ಫೆಬ್ರುವರಿ 18ರಿಂದ ಅರ್ಜಿ ತೆಗೆದುಕೊಳ್ಳಬೇಕಿತ್ತು. 16ರಂದೇ ಟೆಕ್ಸಸ್‌ನ ನ್ಯಾಯಾಧೀಶರು ಎರಡಕ್ಕೂ ತಡೆ ಕೊಟ್ಟರು. ಮರುವರ್ಷ ಸುಪ್ರೀಂ ಕೋರ್ಟ್ ನ್ಯಾಯಾಧೀಶರು 4–4 ಆಗಿ ಒಡೆದು ಆ ತಡೆ ಹಾಗೇ ಉಳಿಯಿತು. ಚೀಟಿಗಳನ್ನೆಲ್ಲ ಜೋಡಿಸಿ ಕಾಯುತ್ತಿದ್ದವರ ಫೈಲು ಮನೆಯಲ್ಲೇ ಉಳಿಯಿತು.